ತಂದೆಯವರ ಜಿಪಿಎ ನನ್ನ ಹೆಸರಿಗಿದ್ದರೆ ಉಯಿಲು ಬೇಡವೇ?

ತುಂಗಾತೀರ, ಶಿವಮೊಗ್ಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 79 ವರ್ಷ. ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಸಂಬಳದ ದುಡ್ಡಿನಲ್ಲಿ ಶಿವಮೊಗ್ಗದಲ್ಲಿ ಕಟ್ಟಿಸಿದ ಒಂದು ಮನೆ, ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಬಂದ ಎರಡು ಎಕರೆ ಅಡಿಕೆ ತೋಟ, ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ, ಇಷ್ಟು ಅವರ ಆಸ್ತಿ. ತಾಯಿಯವರು ಜೊತೆಯಲ್ಲಿದ್ದಾರೆ. ಅಕ್ಕ ಹುಬ್ಬಳ್ಳಿಯಲ್ಲಿ, ಅಣ್ಣ ಅಮೆರಿಕದ ನ್ಯೂಜೆರ್ಸಿಯಲ್ಲಿ. ನಾನು ಬೆಂಗಳೂರಿನ ಕೆಲಸ ಬಿಟ್ಟು ಎರಡು ವರ್ಷದಿಂದ ಊರಿನಲ್ಲೇ ಇದ್ದೇನೆ.

ಬಡ್ಡಿಯ ಲೆಕ್ಕವನ್ನು ಕಾಗದ ಮುಟ್ಟದೆ ಬಾಯಲ್ಲೇ ಹೇಳುತ್ತಿದ್ದ ತಂದೆಯವರು, ಈ ಸಲದ ಕೊಯ್ಲಿನ ಸಮಯದಲ್ಲಿ ಕೊನೆಗಾರನಿಗೆ ಕೂಲಿ ಕೊಟ್ಟಾಯಿತೇ ಎಂದು ಒಂದೇ ಮಧ್ಯಾಹ್ನ ನಾಲ್ಕು ಬಾರಿ ಕೇಳಿದರು. ವೈದ್ಯರಿಗೆ ತೋರಿಸಿದಾಗ ಮರೆವಿನ ಕಾಯಿಲೆಯ ಆರಂಭದ ಹಂತವೆಂದು ತಿಳಿಸಿದರು. ಮನೆ, ಮಠ, ಮಕ್ಕಳು, ತೋಟದ ಗಡಿ, ಯಾವುದನ್ನೂ ಅವರು ಮರೆತಿಲ್ಲ. ಹತ್ತಿರದ ದಿನಗಳ ಸಂಗತಿ ಮಾತ್ರ ಜಾರಿಹೋಗುತ್ತಿದೆ.

ನೋಂದಣಿ ಕಚೇರಿಯ ಕೆಲಸ ಬಲ್ಲ ಪರಿಚಿತರೊಬ್ಬರಲ್ಲಿ ಇದನ್ನು ಹೇಳಿಕೊಂಡಾಗ, ತಡಮಾಡದೆ ನನ್ನ ಹೆಸರಿಗೆ ಒಂದು ಜನರಲ್ ಪವರ್ ಆಫ್ ಅಟಾರ್ನಿ (ಜಿಪಿಎ) ಮಾಡಿಸಿಕೊಳ್ಳುವಂತೆ ಸಲಹೆ ನೀಡಿದರು. ಅದರಲ್ಲಿ ಮಾರಾಟದ ಅಧಿಕಾರವನ್ನೂ ಸೇರಿಸಿ, 'ರದ್ದುಪಡಿಸಲಾಗದ್ದು' ಎಂಬ ಒಂದು ಸಾಲು ಬರೆಸಿಬಿಟ್ಟರೆ, ಮುಂದೆ ವಂಶವೃಕ್ಷ, ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಎಂದು ಅಲೆಯುವ ಪ್ರಮೇಯವೇ ಬರುವುದಿಲ್ಲ, ತಂದೆಯವರ ನಂತರವೂ ನಾನೇ ಕ್ರಯಪತ್ರ ಬರೆದುಕೊಡಬಹುದು, ಉಯಿಲಿನ ಅಗತ್ಯವೂ ಇಲ್ಲ ಎಂಬುದು ಅವರ ಅಭಿಪ್ರಾಯ. ಅಣ್ಣನಿಗೂ ಅಕ್ಕನಿಗೂ ಇದರಲ್ಲಿ ಆಕ್ಷೇಪವಿಲ್ಲ. ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಜಿಪಿಎ ಎಂಬುದು ನಿಜಕ್ಕೂ ಅಷ್ಟು ದೂರ ನಡೆಯುತ್ತದೆಯೇ? ತಂದೆಯವರ ಮರೆವು ಹೆಚ್ಚಾದರೆ ಅದರ ಗತಿ ಏನು? ಉಯಿಲಿನ ಮಾತೆತ್ತಿದರೆ ತಾಯಿಯವರು ಎದ್ದು ಒಳಗೆ ಹೋಗುತ್ತಾರೆ. ಆದ್ದರಿಂದಲೇ ಇಲ್ಲಿ ಕೇಳುತ್ತಿದ್ದೇನೆ.

ಹಾಸನದ ವಕೀಲ (ಉತ್ತರ)

ನಿಮ್ಮ ಮನಸ್ಸು ಒಪ್ಪದಿರುವುದು ಸರಿಯಾಗಿಯೇ ಇದೆ. ಪರಿಚಿತರು ನೀಡಿದ ಸಲಹೆಯಲ್ಲಿ ಅರ್ಧ ಮಾತ್ರ ಸರಿ. ಮಿಕ್ಕ ಅರ್ಧವನ್ನು ನಂಬಿದ ಎಷ್ಟೋ ಕುಟುಂಬಗಳು ಇಂದಿಗೂ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಲೇ ಇವೆ.

ಜಿಪಿಎ ಎಂದರೆ ಒಬ್ಬರು ತಮ್ಮ ಪರವಾಗಿ ಕೆಲಸ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರ. ಉತ್ತರ ಕರ್ನಾಟಕದ ಹಳೆಯ ಕಾಗದಗಳಲ್ಲಿ ಇದನ್ನೇ ಮುಖ್ತ್ಯಾರ ಪತ್ರ ಎಂದು ಬರೆಯುತ್ತಿದ್ದರು, ಆ ಹೆಸರಿನಲ್ಲೇ ಅರ್ಥವಿದೆ: ಮುಖ್ತ್ಯಾರನು ಯಜಮಾನನಲ್ಲ. ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಅವರ ಚಿತ್ತಸ್ವಾಸ್ಥ್ಯ ತಪ್ಪಿದರೆ ಏಜೆನ್ಸಿ ಕೊನೆಗೊಳ್ಳುತ್ತದೆ ಎಂದು 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಂ ಹೇಳುತ್ತದೆ. ಅಂದರೆ ನಿಮ್ಮ ತಂದೆಯವರು ಕಣ್ಣು ಮುಚ್ಚಿದ ಗಳಿಗೆಯಿಂದ ಆ ಪತ್ರದ ಬಲದ ಮೇಲೆ ನೀವು ಬರೆದುಕೊಡುವ ಕ್ರಯಪತ್ರಕ್ಕೆ ಬೆಲೆ ಇರುವುದಿಲ್ಲ. ಉಯಿಲು ಮಾತ್ರ ಇದಕ್ಕೆ ತದ್ವಿರುದ್ಧ: ಬರೆದವರು ಬದುಕಿರುವವರೆಗೆ ಅದು ಸುಮ್ಮನೆ ಕುಳಿತಿರುತ್ತದೆ, ತೀರಿಕೊಂಡ ಮೇಲೆ ಜೀವ ಪಡೆಯುತ್ತದೆ. ಆಸ್ತಿ ವ್ಯವಸ್ಥೆಯಲ್ಲಿ ಇವೆರಡೂ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವಂಥವಲ್ಲ. ಒಂದು ಮುಗಿಯುವ ಕಡೆ ಇನ್ನೊಂದು ಶುರುವಾಗುತ್ತದೆ.

'ರದ್ದುಪಡಿಸಲಾಗದ್ದು' ಎಂಬ ಸಾಲಿನ ಬಗ್ಗೆ ವಿವರವಾಗಿ ಹೇಳಲೇಬೇಕು, ಏಕೆಂದರೆ ಬಹಳ ಜನ ಮೋಸಹೋಗುವುದು ಇಲ್ಲಿಯೇ. ಅದೇ ಕಾಯ್ದೆಯ 202ನೇ ಕಲಮಿನ ಪ್ರಕಾರ, ಏಜೆಂಟನಿಗೆ ಆ ಸ್ವತ್ತಿನಲ್ಲೇ ಸ್ವಂತ ಹಿತಾಸಕ್ತಿ ಇದ್ದು, ಅದರ ಭದ್ರತೆಗಾಗಿಯೇ ಅಧಿಕಾರ ಕೊಟ್ಟಿದ್ದರೆ ಮಾತ್ರ ಅದು ಮರಣದಿಂದಲೂ ಕೊನೆಗೊಳ್ಳದೆ ಉಳಿಯಬಹುದು. ಆದರೆ ಪತ್ರದಲ್ಲಿ ಒಂದು ಪದ ಬರೆದ ಮಾತ್ರಕ್ಕೆ ಅಂಥ ಹಿತಾಸಕ್ತಿ ಹುಟ್ಟುವುದಿಲ್ಲ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣವೊಂದು ನಮ್ಮ ಬೆಂಗಳೂರು ದಕ್ಷಿಣ ತಾಲ್ಲೂಕಿನ ನಿವೇಶನದ್ದೇ. 1986ರಲ್ಲಿ ಮಾಲೀಕರು ಒಬ್ಬರಿಗೆ ಜಿಪಿಎ ಮತ್ತು ನೋಂದಣಿಯಾಗದ ಕ್ರಯದ ಕರಾರು ಬರೆದುಕೊಟ್ಟಿದ್ದರು. ಮಾಲೀಕರು 1997ರಲ್ಲಿ ತೀರಿಕೊಂಡರು. 1998ರಲ್ಲಿ ಜಿಪಿಎ ಪಡೆದವರು ಅದೇ ನಿವೇಶನವನ್ನು ತಮ್ಮ ಮಗನ ಹೆಸರಿಗೆ ಕ್ರಯ ಮಾಡಿಕೊಟ್ಟರು. ಪತ್ರದ ಸ್ವರೂಪ ನೋಡಿದರೆ ಅದು ಸಾಮಾನ್ಯ ಅಧಿಕಾರ ಪತ್ರವೇ ಹೊರತು ಹಿತಾಸಕ್ತಿಯೊಡನೆ ಕೂಡಿದ್ದಲ್ಲ, ಮಾಲೀಕರ ಮರಣದೊಂದಿಗೆ ಅದು ಮುಗಿದಿತ್ತು ಎಂದು ನ್ಯಾಯಾಲಯ ಹೇಳಿತು. ಕಾಗದ ಹುಟ್ಟಿ ನಲವತ್ತು ವರ್ಷಗಳಾಗುತ್ತ ಬಂದಾಗ ಬಂದ ತೀರ್ಪು ಅದು.

ಇನ್ನು ಜಿಪಿಎಯನ್ನೇ ಕ್ರಯಪತ್ರದಂತೆ ಬಳಸುವ ಪದ್ಧತಿಗೆ 2011ರ ಅಕ್ಟೋಬರ್‌ನಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆದಿದೆ. ಅದೇ ತೀರ್ಪಿನ ಇನ್ನೊಂದು ಮಾತನ್ನು ಜನ ಮರೆಯುತ್ತಾರೆ: ಸಂಗಾತಿಗೋ ಮಕ್ಕಳಿಗೋ ಒಡಹುಟ್ಟಿದವರಿಗೋ ತಮ್ಮ ವ್ಯವಹಾರ ನೋಡಿಕೊಳ್ಳಲು ಪ್ರಾಮಾಣಿಕವಾಗಿ ಕೊಡುವ ಜಿಪಿಎಗೆ ಯಾವ ಧಕ್ಕೆಯೂ ಇಲ್ಲ. ಹಾಗಾಗಿ ನಿಮ್ಮ ಹೆಸರಿಗೆ ಜಿಪಿಎ ಖಂಡಿತ ಮಾಡಿಸಿ, ಆದರೆ ಅದರ ಕೆಲಸಕ್ಕೆ ತಕ್ಕಷ್ಟೇ ಮಾಡಿಸಿ. ಮನೆ ಕಂದಾಯ ಕಟ್ಟುವುದು, ಬಾಡಿಗೆ ವಸೂಲು, ತೋಟದ ಕೂಲಿ, ಫಸಲಿನ ಮಾರಾಟ, ಕಚೇರಿಗಳಲ್ಲಿ ಅರ್ಜಿಗೆ ರುಜು, ಇವನ್ನು ಒಂದೊಂದಾಗಿ ಬರೆಸಿ. ನ್ಯಾಯಾಲಯಗಳು ಇಂಥ ಪತ್ರಗಳನ್ನು ಬಿಗಿಯಾಗಿ ಓದುತ್ತವೆ. ಬರೆಯದ ಅಧಿಕಾರವನ್ನು ಊಹಿಸಿಕೊಡುವುದಿಲ್ಲ. ಮನೆ ಮಾರುವ ಯೋಚನೆ ಈಗ ಇಲ್ಲದಿದ್ದರೆ ಆ ಅಧಿಕಾರವನ್ನು ಏಕೆ ಸೇರಿಸಬೇಕು? ನಾಳೆ ಅಕ್ಕನಿಗೋ ಭಾವನಿಗೋ ಸಂಶಯ ಬರಲು ಅದೊಂದು ಸಾಲು ಸಾಕು. ಪತ್ರವನ್ನು ಉಪನೋಂದಣಾಧಿಕಾರಿಗಳ ಮುಂದೆಯೇ ಮಾಡಿಸಿ. ತಂದೆಯವರಿಗೆ ಕಚೇರಿಗೆ ಹೋಗುವ ಶಕ್ತಿ ಇಲ್ಲದಿದ್ದರೆ ಅಧಿಕಾರಿಯೇ ಮನೆಗೆ ಬಂದು ವಿಚಾರಿಸಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ.

ಉಯಿಲು ಇಲ್ಲದೇ ಹೋದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಿ. ಶಿವಮೊಗ್ಗದ ಮನೆ ಸ್ವಯಾರ್ಜಿತವಾದ್ದರಿಂದ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿ, ಅಕ್ಕ, ಅಣ್ಣ, ನೀವು, ನಾಲ್ವರಿಗೂ ಸಮಪಾಲು. (ನಿಮ್ಮ ಅಜ್ಜಿ ಈಗಿಲ್ಲವೆಂದು ಭಾವಿಸಿದ್ದೇನೆ, ಇದ್ದರೆ ಅವರಿಗೂ ಒಂದು ಪಾಲುಂಟು.) ತಾಯಿಯವರು ಕೊನೆಯವರೆಗೆ ಆ ಮನೆಯಲ್ಲಿ ನಿಶ್ಚಿಂತೆಯಿಂದ ಇರಬೇಕೆಂಬುದು ತಂದೆಯವರ ಇಚ್ಛೆಯಾದರೆ ಅದನ್ನು ಉಯಿಲೇ ಹೇಳಬೇಕು, ಜಿಪಿಎ ಹೇಳಲಾರದು. ತೋಟದ ವಿಷಯ ಬೇರೆ. ಅದು ಅಜ್ಜನ ಕಾಲದಿಂದ ಬಂದ ಪಿತ್ರಾರ್ಜಿತವಾಗಿದ್ದರೆ ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ, 2005ರ ತಿದ್ದುಪಡಿಯ ನಂತರ ಅಕ್ಕನಿಗೂ ನಿಮ್ಮಷ್ಟೇ ಹಕ್ಕಿದೆ, ಮತ್ತು ತಂದೆಯವರು ಉಯಿಲಿನಲ್ಲಿ ತಮ್ಮ ಪಾಲಿನ ಮಟ್ಟಿಗೆ ಮಾತ್ರ ಬರೆಯಬಹುದು. ಪಾಲುಪಟ್ಟಿಯನ್ನು ನೋಡದೆ ಇದಕ್ಕಿಂತ ಹೆಚ್ಚು ಹೇಳುವುದು ತಪ್ಪಾಗುತ್ತದೆ.

ಧಾರವಾಡದ ಮಗಳು (ಉತ್ತರ)

ವಕೀಲರು ಹೇಳಿದ 'ಚಿತ್ತಸ್ವಾಸ್ಥ್ಯ ತಪ್ಪಿದರೆ' ಎಂಬ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ಆದದ್ದನ್ನು ಬರೆಯುತ್ತೇನೆ.

ನಮ್ಮ ಅವ್ವ ಆರೋಗ್ಯವಾಗಿದ್ದಾಗಲೇ ನನ್ನ ಹೆಸರಿಗೆ ಜಿಪಿಎ ಬರೆದುಕೊಟ್ಟಿದ್ದರು. ಎರಡು ವರ್ಷದ ನಂತರ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ಹೋಯಿತು, ನಮ್ಮನ್ನು ಗುರುತಿಸುವುದೂ ಒಮ್ಮೊಮ್ಮೆ ಮಾತ್ರ. ಆಸ್ಪತ್ರೆಯ ಖರ್ಚಿಗೆ ಅವರದೇ ಒಂದು ನಿವೇಶನವನ್ನು ಮಾರಬೇಕಾಯಿತು. ಜಿಪಿಎ ಇದೆಯಲ್ಲ ಎಂಬ ಧೈರ್ಯದಿಂದ ಮುಂಗಡವನ್ನೂ ಪಡೆದೆ. ಕೊಳ್ಳುವವರ ವಕೀಲರು ಕೇಳಿದ್ದು ಎರಡೇ ಪ್ರಶ್ನೆ: ನಿಮ್ಮ ತಾಯಿಯವರು ಬದುಕಿದ್ದಾರೆಯೇ, ತಾವು ಮಾರುತ್ತಿದ್ದೇವೆಂದು ಅವರಿಗೆ ತಿಳಿದಿದೆಯೇ? ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಅವ್ವನ ಕೈಗೆ ಪೆನ್ನು ಕೊಟ್ಟು ನೋಡಿದೆವು. ತಮ್ಮ ಹೆಸರಿನ ಮೊದಲ ಅಕ್ಷರವನ್ನು ಮೂರು ಸಲ ಒಂದರ ಮೇಲೊಂದು ಬರೆದು, ನನ್ನ ಮುಖ ನೋಡಿ ನಕ್ಕರು. ಆ ಕಾಗದವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಕೆಲವು ದೇಶಗಳಲ್ಲಿ ಬುದ್ಧಿಶಕ್ತಿ ಕುಂದಿದ ಮೇಲೂ ನಡೆಯುವಂಥ ಅಧಿಕಾರ ಪತ್ರವನ್ನು ಮೊದಲೇ ಬರೆದಿಡಬಹುದಂತೆ. ನಮ್ಮ ಕಾನೂನಿನಲ್ಲಿ ಸಾಮಾನ್ಯ ಜಿಪಿಎಗೆ ಆ ಗುಣವಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಒಬ್ಬರನ್ನು ಪ್ರತಿನಿಧಿಯಾಗಿ ಹೆಸರಿಸಬಹುದು, ಆದರೆ ಅದು ಮಾನಸಿಕ ಚಿಕಿತ್ಸೆಯ ನಿರ್ಧಾರಗಳಿಗೆ ಮಾತ್ರ, ಆಸ್ತಿಗಲ್ಲ. ಕೊನೆಗೆ ನಾವು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ, ವೈದ್ಯಕೀಯ ವರದಿ ತರಿಸಿ, ಒಡಹುಟ್ಟಿದವರೆಲ್ಲರ ಒಪ್ಪಿಗೆ ಸಲ್ಲಿಸಿ, ನನ್ನನ್ನು ಅವ್ವನ ಪಾಲಕಿಯಾಗಿ ನೇಮಿಸಿಕೊಂಡೆವು. ಪ್ರಜ್ಞೆ ಕಳೆದುಕೊಂಡವರಿಗೆ ಪಾಲಕರನ್ನು ನೇಮಿಸುವ ಬಗ್ಗೆ ಕೇರಳ ಹೈಕೋರ್ಟ್ 2019ರಲ್ಲಿ ಹಾಕಿಕೊಟ್ಟ ಮಾರ್ಗಸೂಚಿಗಳನ್ನು ನಮ್ಮ ವಕೀಲರು ಮುಂದಿಟ್ಟಿದ್ದರು. ಮಾರಿದ ದುಡ್ಡಿನ ಪ್ರತಿ ರೂಪಾಯಿಯ ಲೆಕ್ಕವನ್ನು ನಾನು ಒಪ್ಪಿಸಬೇಕಾಗಿತ್ತು, ಅದು ನ್ಯಾಯವೇ. ಆದರೆ ಅಷ್ಟು ತಿಂಗಳು ಚಿಕಿತ್ಸೆಗೆ ಸಾಲ ಮಾಡಿದೆವು.

ನಿಮ್ಮ ತಂದೆಯವರಿಗೆ ಇನ್ನೂ ಎಲ್ಲವೂ ತಿಳಿಯುತ್ತಿದೆ. ಏನು ಮಾಡಬೇಕೋ ಅದನ್ನು ಈ ತಿಂಗಳುಗಳಲ್ಲೇ, ಅವರನ್ನು ಕೇಳಿಯೇ ಮಾಡಿ. ಚಿಕಿತ್ಸೆಯ ಬಗ್ಗೆ ಅವರಿಗೆ ಏನಾದರೂ ಇಚ್ಛೆಯಿದ್ದರೆ, ಅಂದರೆ ಚೇತರಿಕೆಯ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಯಂತ್ರಗಳ ಆಸರೆಯಲ್ಲಿ ಇಡಬೇಕೋ ಬೇಡವೋ ಎಂಬುದಕ್ಕೆ, ಮುಂಗಡ ವೈದ್ಯಕೀಯ ನಿರ್ದೇಶನವನ್ನು ಪ್ರತ್ಯೇಕವಾಗಿ ಬರೆಯಬಹುದು. 2018ರ ಸುಪ್ರೀಂ ಕೋರ್ಟ್ ತೀರ್ಪಿನ ವಿಧಾನವನ್ನು 2023ರಲ್ಲಿ ಸರಳಗೊಳಿಸಿದ್ದಾರೆ. ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಈ ಬಗ್ಗೆ ಆದೇಶ ಹೊರಡಿಸಿದೆ.

ನಿವೃತ್ತ ಬ್ಯಾಂಕ್ ಮ್ಯಾನೇಜರ್ (ಉತ್ತರ)

ಬ್ಯಾಂಕಿನ ಕಡೆಯಿಂದ ನಾಲ್ಕು ಮಾತು. ಖಾತೆದಾರರು ತೀರಿಕೊಂಡ ಮೇಲೆ ಜಿಪಿಎ ತೋರಿಸಿ ಹಣ ತೆಗೆಯುವುದಾಗಲಿ, ಅವರ ಎಟಿಎಂ ಕಾರ್ಡ್ ಬಳಸುವುದಾಗಲಿ ಸರಿಯಲ್ಲ. ಉತ್ತರಕ್ರಿಯೆಯ ಖರ್ಚಿಗೆಂದು ಹಾಗೆ ತೆಗೆದು, ಆಮೇಲೆ ಒಡಹುಟ್ಟಿದವರ ಎದುರು ತಲೆ ತಗ್ಗಿಸಿ ನಿಂತವರನ್ನು ನನ್ನ ಕೌಂಟರಿನಲ್ಲಿ ಕಂಡಿದ್ದೇನೆ. ದುರುದ್ದೇಶ ಇರಲಿಲ್ಲ, ತಿಳಿವಳಿಕೆ ಇರಲಿಲ್ಲ ಅಷ್ಟೆ.

ಠೇವಣಿಗಳಿಗೆ ನಾಮಿನಿ ಇದೆಯೇ ನೋಡಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಲು ಅವಕಾಶವಿದೆ. ಆದರೆ ನಾಮಿನಿಯಾದವರು ಹಣ ಪಡೆದುಕೊಳ್ಳುವ ಕೈ ಮಾತ್ರ. ಆ ಹಣ ಯಾರಿಗೆ ಸೇರಬೇಕೆಂಬುದನ್ನು ಉಯಿಲೋ ಉತ್ತರಾಧಿಕಾರ ಕಾನೂನೋ ನಿರ್ಧರಿಸುತ್ತದೆ. ಆದ್ದರಿಂದ ನಾಮಿನಿಯ ಹೆಸರು ಮತ್ತು ಉಯಿಲಿನ ಹೆಸರು ಒಂದೇ ಇರುವಂತೆ ನೋಡಿಕೊಂಡರೆ ಬಹಳ ಗೊಂದಲ ತಪ್ಪುತ್ತದೆ. ನಿಮ್ಮ ತಾಯಿಯವರ ಹೆಸರನ್ನು ಉಳಿತಾಯ ಖಾತೆಗೆ 'ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು' ಎಂಬ ನಿಯಮದಡಿ ಜಂಟಿಯಾಗಿ ಸೇರಿಸಿಬಿಡಿ. ತಿಂಗಳ ಔಷಧಿ, ದಿನಸಿ ಖರ್ಚಿಗೆ ಇದಕ್ಕಿಂತ ಸುಲಭದ ದಾರಿ ಬೇರಿಲ್ಲ. ತಂದೆಯವರಿಗೆ ಮುಂದೆ ಕೈನಡುಕದಿಂದ ರುಜು ಮಾಡಲಾಗದಿದ್ದರೆ, ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಹೆಬ್ಬೆಟ್ಟು ಒತ್ತಿ ಹಣ ಪಡೆಯಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯೇ ಆಗಿರಬೇಕು. ಇದಕ್ಕೆ ಜಿಪಿಎ ಬೇಕಾಗಿಯೇ ಇಲ್ಲ.

ತುಂಗಾತೀರ, ಶಿವಮೊಗ್ಗ

ನಿಮ್ಮೆಲ್ಲರ ಉತ್ತರಗಳನ್ನು ತಾಯಿಯವರ ಮುಂದೆ ಓದಿದೆ. ಧಾರವಾಡದ ಅಕ್ಕನವರು ಬರೆದದ್ದನ್ನು ಕೇಳಿದ ಮೇಲೆ ಅವರು ಈ ಬಾರಿ ಎದ್ದುಹೋಗಲಿಲ್ಲ. ಉಯಿಲು ಬರೆಯಲು ತಂದೆಯವರೂ ಒಪ್ಪಿದ್ದಾರೆ. ಇನ್ನೆರಡು ಸಂದೇಹಗಳಿವೆ. ಮರೆವಿನ ಕಾಯಿಲೆ ಇದೆಯೆಂದು ವೈದ್ಯರ ಚೀಟಿಯಲ್ಲೇ ಇರುವಾಗ ಆ ಉಯಿಲು ನಿಲ್ಲುತ್ತದೆಯೇ? ಹಾಗೆಯೇ, ಅಣ್ಣ ಅಮೆರಿಕದಿಂದ ನನಗೊಂದು ಜಿಪಿಎ ಕಳುಹಿಸುತ್ತೇನೆ, ಅದರ ಮೇಲೆ ಅವನ ಪಾಲಿನ ಹಕ್ಕು ಖುಲಾಸೆಯನ್ನೂ (ಹಕ್ಕು ಬಿಟ್ಟುಕೊಡುವ ಪತ್ರ) ಈಗಲೇ ಮಾಡಿಬಿಡು ಎನ್ನುತ್ತಿದ್ದಾನೆ. ಅದು ಸಾಧ್ಯವೇ?

ಹಾಸನದ ವಕೀಲ

ಕಾಯಿಲೆಯ ಹೆಸರಿನಿಂದ ಉಯಿಲು ಬೀಳುವುದಿಲ್ಲ. ಬರೆಯುವ ಹೊತ್ತಿನಲ್ಲಿ ತಾವು ಏನು ಮಾಡುತ್ತಿದ್ದೇವೆ, ತಮ್ಮ ಆಸ್ತಿ ಯಾವುದು, ತಮ್ಮವರು ಯಾರು ಎಂಬುದು ತಂದೆಯವರಿಗೆ ತಿಳಿದಿರಬೇಕು, ಅಷ್ಟೆ. ಆದರೆ ಅದು ತಿಳಿದಿತ್ತೆಂದು ನಾಳೆ ತೋರಿಸುವ ಹೊಣೆ ಉಯಿಲನ್ನು ಮುಂದಿಡುವವರ ಮೇಲೆ ಬೀಳುತ್ತದೆ. ಈ ವಿಷಯದಲ್ಲಿ ಇಡೀ ದೇಶದ ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುವ, 1959ರಲ್ಲಿ ವರದಿಯಾದ ಸುಪ್ರೀಂ ಕೋರ್ಟ್ ತೀರ್ಪು ಅಂದಿನ ಮೈಸೂರು ರಾಜ್ಯದಿಂದಲೇ ಹೋದ ಪ್ರಕರಣದ್ದು. ಉಯಿಲಿನಿಂದ ಹೆಚ್ಚು ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲೂ ಮುಂದೆ ನಿಂತಿದ್ದರೆ ಅದೇ ಒಂದು ಸಂಶಯದ ಸಂಗತಿ, ಆ ಸಂಶಯವನ್ನು ಅವರೇ ನಿವಾರಿಸಬೇಕು ಎಂಬುದು ಅದರ ತಿರುಳು. ಆದ್ದರಿಂದ ನೀವು ಆ ದಿನ ಪತ್ರ ಬರೆಯುವ ಕೋಣೆಯಲ್ಲಿ ಇರಬೇಡಿ. ತಂದೆಯವರನ್ನು ನೋಡುತ್ತಿರುವ ವೈದ್ಯರಿಂದ ಅದೇ ದಿನಾಂಕದ ಪ್ರಮಾಣಪತ್ರ ಪಡೆಯಿರಿ. ಅವರೇ ಸಾಕ್ಷಿ ಹಾಕಲು ಒಪ್ಪಿದರೆ ಇನ್ನೂ ಒಳ್ಳೆಯದು. ಕಾಯ್ದೆಯಂತೆ ಇಬ್ಬರು ಸಾಕ್ಷಿಗಳಿರಬೇಕು, ಅವರು ತಂದೆಯವರಿಗಿಂತ ಸಾಕಷ್ಟು ಕಿರಿಯರಾಗಿರಲಿ, ಉಯಿಲಿನಲ್ಲಿ ಪಾಲಿಲ್ಲದವರಾಗಿರಲಿ. ನೋಂದಣಿ ಕಡ್ಡಾಯವಲ್ಲದಿದ್ದರೂ ನಿಮ್ಮ ಸಂದರ್ಭದಲ್ಲಿ ಮಾಡಿಸಲೇಬೇಕೆಂದು ಹೇಳುತ್ತೇನೆ. ಒಂದು ಎಚ್ಚರಿಕೆ: ಜಿಪಿಎ ಇದೆಯೆಂದು ತಂದೆಯವರ ಪರವಾಗಿ ಉಯಿಲಿಗೆ ನೀವು ರುಜು ಮಾಡುವಂತಿಲ್ಲ. ಮರಣಶಾಸನ ಬರೆಯುವ ಇಚ್ಛೆಯನ್ನು ಇನ್ನೊಬ್ಬರಿಗೆ ವಹಿಸಿಕೊಡಲಾಗದು.

ಅಣ್ಣನವರ ವಿಷಯ. ತಂದೆಯವರು ಬದುಕಿರುವಾಗ ಶಿವಮೊಗ್ಗದ ಮನೆಯಲ್ಲಿ ಅವರಿಗೆ ಪಾಲೆಂಬುದೇ ಇನ್ನೂ ಹುಟ್ಟಿಲ್ಲ. ಮುಂದೆ ವಾರಸುದಾರನಾಗಬಹುದೆಂಬ ನಿರೀಕ್ಷೆಯನ್ನು ವರ್ಗಾಯಿಸಲು ಸ್ವತ್ತು ಹಸ್ತಾಂತರ ಕಾಯ್ದೆ ಒಪ್ಪುವುದಿಲ್ಲ. ಆದ್ದರಿಂದ ಮನೆಯ ಮಟ್ಟಿಗೆ ಈಗ ಹಕ್ಕು ಖುಲಾಸೆ ಬರೆಸುವುದು ವ್ಯರ್ಥ. ತೋಟ ಪಿತ್ರಾರ್ಜಿತವೆಂದು ಖಚಿತವಾದರೆ ಅದರಲ್ಲಿ ಅವರಿಗೆ ಈಗಲೇ ಹಕ್ಕಿದೆ, ಅದರ ಮಟ್ಟಿಗೆ ವಿಭಾಗಪತ್ರಕ್ಕೋ ಖುಲಾಸೆಗೋ ಜಿಪಿಎ ಉಪಯೋಗಕ್ಕೆ ಬರುತ್ತದೆ. ಅವರು ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟ್ ಅಧಿಕಾರಿಯ ಮುಂದೆ ರುಜು ಹಾಕಿ ದೃಢೀಕರಿಸಿ ಕಳುಹಿಸಲಿ. ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಆದ್ದರಿಂದ ಅದು ಬಂದ ಲಕೋಟೆಯನ್ನು ಬಿಸಾಡಬೇಡಿ. ನೆನಪಿಡಿ, ಅಲ್ಲಿ ಅಧಿಕಾರ ಕೊಡುವವರು ಅಣ್ಣ. ತಂದೆಯವರು ತೀರಿಕೊಂಡರೂ ಅಣ್ಣನವರ ಜಿಪಿಎ ಉಳಿಯುತ್ತದೆ, ತಂದೆಯವರದ್ದು ಉಳಿಯುವುದಿಲ್ಲ.

ತುಂಗಾತೀರ, ಶಿವಮೊಗ್ಗ

ತುಂಬು ಹೃದಯದ ಧನ್ಯವಾದಗಳು. ಮಾರಾಟದ ಅಧಿಕಾರವನ್ನು ಬಿಟ್ಟು ಜಿಪಿಎಯ ಕರಡು ಸಿದ್ಧವಾಗಿದೆ. ಉಯಿಲನ್ನು ತಂದೆಯವರು ನಿನ್ನೆ ಪತ್ರ ಬರಹಗಾರರಿಗೆ ತಾವೇ ಹೇಳಿ ಬರೆಸಿದರು. ನಾನು ಹೊರಗಡೆ ಜಗಲಿಯಲ್ಲಿದ್ದೆ. ತೋಟದ ಚಕ್ಕುಬಂದಿಯನ್ನು ಹಳೆಯ ಪಾಲುಪಟ್ಟಿಯಿಂದ ಓದಿ ಹೇಳುವಾಗ 'ಪೂರ್ವಕ್ಕೆ ಹಳ್ಳ' ಎಂಬಲ್ಲಿ ತಂದೆಯವರು ತಡೆದು, ಹಳ್ಳಕ್ಕೂ ನಮ್ಮ ಬೇಲಿಗೂ ನಡುವೆ ದೊಡ್ಡಪ್ಪನ ಪಾಲಿನ ಮೂರು ಗುಂಟೆ ಸೇರಿದೆ, ಅದನ್ನು ಬರೆಯದೆ ಹೋದರೆ ಅವರ ಮಕ್ಕಳಿಗೆ ಅನ್ಯಾಯವಾಗುತ್ತದೆ ಎಂದು ತಿದ್ದಿಸಿದರಂತೆ. ಬರಹಗಾರರು ಪಹಣಿ ತೆಗೆಸಿ ನೋಡಿದರೆ ಅವರು ಹೇಳಿದ್ದೇ ಸರಿಯಾಗಿತ್ತು. ಬರುವ ಗುರುವಾರ ಬೆಳಿಗ್ಗೆ ವೈದ್ಯರು ಮನೆಗೆ ಬರುತ್ತಾರೆ, ಅಲ್ಲಿಂದ ಎಲ್ಲರೂ ಉಪನೋಂದಣಿ ಕಚೇರಿಗೆ ಹೋಗುವುದೆಂದು ತೀರ್ಮಾನವಾಗಿದೆ. ಅಕ್ಕ ಹುಬ್ಬಳ್ಳಿಯಿಂದ ಬುಧವಾರ ರಾತ್ರಿಯೇ ಹೊರಡುತ್ತಾಳೆ.